ಒಳಗೆ ಯಾರಿದಾರೆ?

ಶನಿವಾರ ಮಧ್ಯಾಹ್ನ ಮೂರೂವರೆಗೆ ಬುಡಾಪೆಸ್ಟ್‌ನ ಡ್ಯಾನ್ಯೂಬ್ ದಂಡೆಯಲ್ಲಿ ನಿಂತು ಅಜ್ಜಿಗೆ ವಿಡಿಯೋ ಕಾಲ್ ಮಾಡಿದೆ. ತಿಪಟೂರಿನಲ್ಲಿ ಆಗ ರಾತ್ರಿ ಎಂಟು. ಅಜ್ಜಿ ಊಟ ಮುಗಿಸಿ ಎಲೆ ಅಡಿಕೆ ಹಾಕುವ ಹೊತ್ತು. ನದಿ ತೋರಿಸೋಣ ಅಂತ ಫೋನ್ ತಿರುಗಿಸಿದೆ. ದಂಡೆಯ ಅಂಚಲ್ಲಿದ್ದ ಬೂಟು, ಚಪ್ಪಲಿಗಳ ಸಾಲು ಅಜ್ಜಿ ಕಣ್ಣಿಗೆ ಬಿತ್ತು.

"ಅಲ್ಲೋ, ಯಾರ ಮನೆ ಕಾರ್ಯ ಅದು? ಇಷ್ಟೊಂದು ಜನ ಬಂದಿದಾರೆ. ಒಳಗೆ ಯಾರಿದಾರೆ?"

ನನಗೆ ಮಾತು ಹೊರಡಲಿಲ್ಲ. ಅಜ್ಜಿಯೇ ಮುಂದುವರಿಸಿದಳು. "ಮಳೆ ಹನೀತಿದೆ ಕಣೋ. ಎತ್ತಿ ಒಳಗಿಡೋಕೆ ಹೇಳು. ನೆನೆದು ಹಾಳಾಗ್ತವೆ."

ಆಮೇಲೆ ಮಾಡ್ತೀನಿ ಅಜ್ಜಿ ಅಂತ ಹೇಳಿ ಫೋನ್ ಇಟ್ಟೆ. ಇವತ್ತು ಗುರುವಾರ. ಆ ಎರಡು ಮಾತು ಇನ್ನೂ ಕಿವಿಯಲ್ಲೇ ಇವೆ.

ನಾವು ಬುಡಾಪೆಸ್ಟ್‌ಗೆ ಹೋದದ್ದು ಅಗ್ಗ ಅನ್ನೋ ಒಂದೇ ಕಾರಣಕ್ಕೆ. ನಾನು ಮತ್ತು ನನ್ನ ರೂಮ್‌ಮೇಟ್, ಗುಂಟೂರಿನ ಹುಡುಗ. ಇಬ್ಬರೂ ವಿಯೆನ್ನಾದಲ್ಲಿ ಓದುತ್ತಿದ್ದೇವೆ. ತಲಾ 60 ಯೂರೋ, ಅದರ ಮೇಲೆ ಒಂದು ಸೆಂಟೂ ಖರ್ಚು ಮಾಡಬಾರದು ಅಂತ ಮಾತಾಗಿತ್ತು. ಬೆಳಗಿನ ಬಸ್, ಮೂರು ಗಂಟೆ ದಾರಿ, ಹನ್ನೆರಡು ಮಂಚದ ಹಾಸ್ಟೆಲ್. ಒಂದು ಯೂರೋಗೆ 400ರ ಆಸುಪಾಸು ಫೋರಿಂಟ್ ಲೆಕ್ಕ ಹಾಕಿಕೊಂಡಿದ್ದೆವು. ಬಾಟಲಿಗೆ ನಲ್ಲಿ ನೀರು, ಬ್ಯಾಗಲ್ಲಿ ಚಪಾತಿ, ಚಟ್ನಿಪುಡಿ. ಮಧ್ಯಾಹ್ನ ದೊಡ್ಡ ಮಾರ್ಕೆಟ್‌ನಲ್ಲಿ ಲಾಂಗೋಶ್ ತಿಂದೆವು. ನಮ್ಮ ಪೂರಿಯನ್ನೇ ದಪ್ಪಗೆ, ತಟ್ಟೆಯಗಲ ಕರಿದು, ಬೆಳ್ಳುಳ್ಳಿ ಸವರಿ, ಮೇಲೆ ಹುಳಿ ಕೆನೆ, ಚೀಸ್ ಹಾಕಿ ಕೊಡುತ್ತಾರೆ. ಒಂದನ್ನೇ ಇಬ್ಬರು ಹಂಚಿಕೊಂಡೆವು. ಹೊಟ್ಟೆ ತುಂಬಿತು. ಅಲ್ಲಿಂದ 2ನೇ ನಂಬರಿನ ಟ್ರಾಮ್ ಹತ್ತಿದರೆ ನದಿ ಪಕ್ಕದಲ್ಲೇ ಪಾರ್ಲಿಮೆಂಟ್‌ವರೆಗೆ ಹೋಗಬಹುದು. ಟೂರ್ ಬಸ್ಸಿಗೆ ಸುಮ್ನೆ ಯಾಕೆ ದುಡ್ಡು ಕೊಡಬೇಕು, ಈ ಟ್ರಾಮೇ ಸಾಕು.

ಪಾರ್ಲಿಮೆಂಟ್ ಹತ್ತಿರ ಇಳಿದು ದಂಡೆಗುಂಟ ಸ್ವಲ್ಪ ಹಿಂದಕ್ಕೆ ನಡೆದರೆ ಈ ಚಪ್ಪಲಿಗಳು ಸಿಗುತ್ತವೆ. 60 ಜೊತೆ. ಎಲ್ಲವೂ ಕಬ್ಬಿಣದ್ದು, ಕಲ್ಲಿಗೆ ಸೇರಿಸಿ ಕೂರಿಸಿದ್ದು. 2005ರಲ್ಲಿ ಇಟ್ಟರು. ಸಿನಿಮಾ ನಿರ್ದೇಶಕ ಜಾನ್ ತೊಗಾಯ್ ಅವರ ಯೋಚನೆ, ಶಿಲ್ಪಿ ದ್ಯುಲಾ ಪವರ್ ಅವರ ಕೈಕೆಲಸ. 1944ರ ಅಕ್ಟೋಬರ್‌ನಲ್ಲಿ ಜರ್ಮನ್ನರ ಬೆಂಬಲದಿಂದ ಆರೋ ಕ್ರಾಸ್ ಅನ್ನೋ ಪಕ್ಷ ಹಂಗೇರಿಯ ಅಧಿಕಾರ ಹಿಡಿಯಿತು. ಆ ಚಳಿಗಾಲದಲ್ಲಿ ಅದರ ಬಂದೂಕಿನವರು ಯಹೂದಿಗಳನ್ನು ಈ ದಂಡೆಗೆ ತಂದು ನಿಲ್ಲಿಸುತ್ತಿದ್ದರು. ಮೊದಲು ಚಪ್ಪಲಿ ಬಿಚ್ಚಿಸುತ್ತಿದ್ದರು. ಯುದ್ಧದ ಕಾಲ, ಬೂಟಿಗೆ ಬೆಲೆಯಿತ್ತು. ಆಮೇಲೆ ಗುಂಡು ಹೊಡೆದು ನದಿಗೆ ಕೆಡವುತ್ತಿದ್ದರು. ಬೂಟಿಗೆ ಬೆಲೆ ಇತ್ತು, ಅದನ್ನು ಹಾಕಿಕೊಂಡಿದ್ದ ಮನುಷ್ಯನಿಗೆ ಇರಲಿಲ್ಲ.

ನನ್ನನ್ನು ಜಾಸ್ತಿ ಕಾಡುತ್ತಿರುವುದು ಇನ್ನೊಂದು ವಿಷಯ. ಗುಂಡು ಹೊಡೆದವರು ಹೊರಗಿನವರಲ್ಲ. ಅದೇ ದೇಶದವರು. ಎದುರು ನಿಂತವರ ಭಾಷೆಯನ್ನೇ ಮಾತಾಡುತ್ತಿದ್ದವರು. 'ಬಿಚ್ಚು' ಅಂತ ಹೇಳಿದ ಮಾತು ಆ ಜನಕ್ಕೆ ತಾಯಿನುಡಿಯಲ್ಲೇ ಕೇಳಿಸಿರುತ್ತದೆ.

ನಾನು ಒಂದು ಜೊತೆಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಗಂಡಸರ ಬೂಟು. ಹಿಮ್ಮಡಿ ಒಂದು ಕಡೆ ಸವೆದಿದೆ. ಲೇಸು ಸಡಿಲವಾಗಿ ಕೆಳಗೆ ಬಿದ್ದಿದೆ. ಒಳಗೆ ಮಳೆನೀರು ನಿಂತಿತ್ತು, ಅದರಲ್ಲಿ ಒಂದು ಹಳದಿ ಎಸಳು. ಪಕ್ಕದ ಹೆಂಗಸಿನ ಚಪ್ಪಲಿಯಲ್ಲಿ ಯಾರೋ ಇಟ್ಟ ಬೆಣಚುಕಲ್ಲು. ಆಚೆ ಪುಟ್ಟ ಮಗುವಿನ ಬೂಟು. ಅದರೊಳಗೆ ಒಂದು ಚಾಕೊಲೇಟ್. ಕಾಗದ ಬಿಚ್ಚಿರಲಿಲ್ಲ.

ಅಷ್ಟರಲ್ಲಿ ಒಬ್ಬಳು ಹುಡುಗಿ ಬಂದು ತನ್ನ ಕಾಲನ್ನು ಒಂದು ಬೂಟಿನೊಳಗೆ ಇಟ್ಟು ಫೋಟೋಗೆ ನಿಂತಳು. ಜೊತೆಗಿದ್ದವನು ಇನ್ನೂ ಹಿಂದೆ ಹೋಗು, ಪಾರ್ಲಿಮೆಂಟೂ ಬರಬೇಕು ಅಂತ ಕೈಸನ್ನೆ ಮಾಡುತ್ತಿದ್ದ. ನನಗೆ ಮೈ ಉರಿಯಿತು. ಗೊತ್ತಿಲ್ಲದೆ ಮಾಡಿದರು ಅನ್ನೋಣ ಅಂದರೆ ಬೋರ್ಡ್ ನಾಲ್ಕು ಹೆಜ್ಜೆ ದೂರದಲ್ಲೇ ಇತ್ತು. ನನ್ನ ಗೆಳೆಯ ಹೋಗಿ ಮೆಲ್ಲಗೆ ಏನೋ ಹೇಳಿದ. ಆಕೆ ಕಾಲು ತೆಗೆದಳು. ಅವನು ಬೆಳಗ್ಗೆಯಿಂದ ಪ್ರತಿ ಖರ್ಚನ್ನೂ ಫೋನಲ್ಲಿ ಬರೆದುಕೊಳ್ಳುತ್ತಿದ್ದುದು ನನಗೆ ಕಿರಿಕಿರಿಯಾಗಿತ್ತು. ಆಗ ಅವನ ಮೇಲೆ ತುಂಬಾ ಪ್ರೀತಿ ಬಂತು. ನನಗೆ ಕೋಪ ಬಂದಿತ್ತು ಅಷ್ಟೇ, ಹೋಗಿ ಹೇಳಿದ್ದು ಅವನು.

ಅಜ್ಜಿ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮ ಕಡೆ ಸಾಲಾಗಿ ಚಪ್ಪಲಿ ಕಂಡರೆ ಒಳಗೆ ಜನ ಇದ್ದಾರೆ ಅಂತಲೇ ಅರ್ಥ. ಮದುವೆ, ನಾಮಕರಣ, ಸತ್ಯನಾರಾಯಣ ಪೂಜೆ, ಏನೋ ಒಂದು. ನಮ್ಮ ಮನೆಯಲ್ಲಿ ಕಾರ್ಯ ಇದ್ದಾಗ ಅಜ್ಜಿ ಜಗಲಿಗೆ ಬಂದು ಚಪ್ಪಲಿ ಎಣಿಸುತ್ತಿದ್ದಳು. ಅದರ ಮೇಲೆ ಎಷ್ಟು ಎಲೆ ಹಾಕಬೇಕು, ಇನ್ನೆಷ್ಟು ಅಕ್ಕಿ ಇಡಬೇಕು ಅಂತ ಲೆಕ್ಕ. ಮಕ್ಕಳ ಚಪ್ಪಲಿ ಬೇರೆ ಎಣಿಸುತ್ತಿದ್ದಳು. ಎರಡು ಮಕ್ಕಳಿಗೆ ಒಂದು ಎಲೆ. ಮಳೆ ಬಂದರೆ ಯಾರ ಚಪ್ಪಲಿ, ಯಾವ ಜಾತಿಯವರದು ಅಂತ ನೋಡದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲವನ್ನೂ ಒಳಗೆ ಎತ್ತಿಡುತ್ತಿದ್ದಳು. ಇನ್ನೊಬ್ಬರ ಚಪ್ಪಲಿ ಮುಟ್ಟಬಾರದು ಅಂತ ಊರಲ್ಲಿ ಬೇರೆಯವರು ಹೇಳುತ್ತಿದ್ದ ಕಾಲದಲ್ಲೂ.

ವಾಪಸ್ ಬರ್ತೀವಿ ಅನ್ನೋ ನಂಬಿಕೆ ಇರೋದಕ್ಕೇ ನಾವು ಬಾಗಿಲಲ್ಲಿ ಚಪ್ಪಲಿ ಬಿಡೋದು, ಅಲ್ವಾ? ಒಳಗಿದ್ದವರು ನಮ್ಮನ್ನು ಕಾಯುತ್ತಾರೆ ಅನ್ನೋ ನಂಬಿಕೆ. ಆ ದಂಡೆಯಲ್ಲಿ ಚಪ್ಪಲಿಯ ಮುಂದೆ ಬಾಗಿಲೇ ಇಲ್ಲ. ನೀರಿದೆ. ಅದೇ ನೀರು ವಿಯೆನ್ನಾ ದಾಟಿ ಬರುತ್ತದೆ. ಓದಿ ಬೇಜಾರಾದಾಗ ನಾನು ಅದರ ದಡದಲ್ಲೇ ಕೂರುತ್ತೇನೆ.

ಭಾನುವಾರ ಗೆಲ್ಲೆರ್ಟ್ ಗುಡ್ಡ ಹತ್ತಿದೆವು, ಊರೆಲ್ಲ ಕಂಡಿತು. ಸಂಜೆ ಬಸ್ಸು ಹಿಡಿದೆವು. ತಲಾ 57 ಯೂರೋದಲ್ಲಿ ಮುಗಿದಿತ್ತು.

ಮಂಗಳವಾರ ರಾತ್ರಿ ಅಜ್ಜಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಎಂಬತ್ತೆರಡರ ಜೀವಕ್ಕೆ ಇದೆಲ್ಲ ಯಾಕೆ ಅಂತ ಅಮ್ಮ ಬೈದಳು. ಆದರೆ ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಇರೋದು ನನ್ನ ಕೈಲಾಗಲಿಲ್ಲ. ಒಳಗೆ ಯಾರೂ ಇರಲಿಲ್ಲ ಅಜ್ಜಿ, ಅಂದೆ. ಆಚೆ ಕಡೆ ತುಂಬಾ ಹೊತ್ತು ಫ್ಯಾನಿನ ಸದ್ದು ಮಾತ್ರ ಕೇಳಿಸುತ್ತಿತ್ತು.

"ಮಕ್ಕಳದೂ ಇದ್ವಾ?"

"ಹೂಂ."

"ಎಷ್ಟು ಜೊತೆ?"

ನಾನು ಎಣಿಸಿರಲಿಲ್ಲ.

"ಇನ್ನೊಂದ್ಸಲ ಆ ಕಡೆ ಹೋದ್ರೆ ಎಣಿಸ್ಕೊಂಡು ಬಾ" ಅಂದಳು ಅಜ್ಜಿ.