ಎಲ್ಕೋದಲ್ಲಿ ಅಪ್ಪನ ಜೊತೆ ದನಗಾಹಿಗಳ ಪದ್ಯ ಕೇಳಿದ್ದು

ಫೆಬ್ರವರಿ 1, 2025, ಶನಿವಾರ
ಎಲ್ಕೋ, ನೆವಾಡಾ

ಅಪ್ಪ ಮಲಗಿದ್ದಾರೆ. ಬೆಳಿಗ್ಗೆ ಎದ್ದರೆ ಅರ್ಧ ಮರೆತುಹೋಗುತ್ತದೆ ಅನ್ನಿಸಿ ಈಗಲೇ ಬರೆದಿಡುತ್ತಿದ್ದೇನೆ.

ನಿನ್ನೆ ಸಾಲ್ಟ್ ಲೇಕ್ ಸಿಟಿಯಿಂದ ಇಂಟರ್‌ಸ್ಟೇಟ್ 80 ಹಿಡಿದು ಬಂದೆವು. ಮೊದಲು ಬಾನ್ನವಿಲ್‌ನ ಉಪ್ಪಿನ ಬಯಲು, ಆಮೇಲೆ ವೆಂಡೋವರ್. ಅಲ್ಲಿಂದ ಮುಂದೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ದಾರಿಯುದ್ದಕ್ಕೂ ಬೂದು ಬಣ್ಣದ ಕುರುಚಲು ಗಿಡ, ದೂರದಲ್ಲಿ ಹಿಮ ಹೊದ್ದ ಗುಡ್ಡ. ಅಪ್ಪ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದು, "ಇಲ್ಲಿ ದನ ಏನಮ್ಮ ತಿಂತವೆ?" ಅಂತ ಕೇಳಿದರು. ನೆವಾಡಾದ ನೆಲದಲ್ಲಿ ನೂರಕ್ಕೆ ಸುಮಾರು 80 ಭಾಗ ಕೇಂದ್ರ ಸರ್ಕಾರದ್ದು, ದೊಡ್ಡ ಬಯಲುಗಳಲ್ಲಿ ದನ ಸಾಕುವ ರ‍್ಯಾಂಚಿನವರು ದುಡ್ಡು ಕಟ್ಟಿ ಅಲ್ಲಿ ಮೇಯಿಸುತ್ತಾರೆ, ಒಂದು ಹಸು ಹೊಟ್ಟೆ ತುಂಬಿಸಿಕೊಳ್ಳೋಕೆ ಎಕರೆಗಟ್ಟಲೆ ಅಲೆಯಬೇಕು ಅಂದೆ.

"ಹಂಗಾದ್ರೆ ಇದು ಕಾವಲು ಅನ್ನು."

ಅಷ್ಟೇ, ಅವರಿಗೆ ಊರು ಅರ್ಥವಾಗಿಹೋಯಿತು. ಅಜ್ಜಂಪುರದ ಕಡೆಯ ಅಮೃತಮಹಲ್ ಕಾವಲುಗಳ, ಅಂದರೆ ಆ ತಳಿಯ ದನ ಮೇಯಲೆಂದು ಬಿಟ್ಟ ಹುಲ್ಲುಗಾವಲುಗಳ, ಅಂಚಿನಲ್ಲಿ ದನ ಕಾಯುತ್ತ ಬೆಳೆದವರು ಅವರು. ನಾನು ಇಷ್ಟು ವರ್ಷ ಇಲ್ಲಿದ್ದರೂ ಆ ಮಾತು ನನಗೆ ಹೊಳೆದಿರಲಿಲ್ಲ.

ನಾವು ಬಂದದ್ದು ಕೌಬಾಯ್ ಕಾವ್ಯದ ಸಮ್ಮೇಳನಕ್ಕೆ. ಇದು 40ನೆಯದು. 1985ರ ಜನವರಿಯಲ್ಲಿ ಹ್ಯಾಲ್ ಕ್ಯಾನನ್ ಎಂಬ ಜಾನಪದ ವಿದ್ವಾಂಸರು, ಆಗಿನ್ನೂ ದನಗಾಹಿಯಾಗಿದ್ದ ಕವಿ ವ್ಯಾಡಿ ಮಿಚೆಲ್ ಮತ್ತು ಇತರರು ಸೇರಿ ಶುರುಮಾಡಿದ್ದು. ಚಳಿಗಾಲದ ನಡುವೆ ಯಾಕೆ ಇಟ್ಟರು ಎಂದರೆ, ಹಸುಗಳು ಕರು ಹಾಕೋಕೆ ಶುರುಮಾಡಿದರೆ ರ‍್ಯಾಂಚಿನವರಿಗೆ ರಾತ್ರಿ ನಿದ್ದೆಯೂ ಇಲ್ಲ, ಹಗಲು ಪುರುಸೊತ್ತೂ ಇಲ್ಲ. ಅದಕ್ಕೆ ಮುಂಚಿನ ಬಿಡುವು ಇದೊಂದೇ. ಕಾರಣ ಕೇಳಿ ಅಪ್ಪ ಮೆಚ್ಚಿಕೊಂಡು ತಲೆಯಾಡಿಸಿದರು. ನಮ್ಮಲ್ಲೂ ಜಾತ್ರೆಗಳೆಲ್ಲ ಸುಗ್ಗಿ ಮುಗಿದ ಮೇಲೇ ತಾನೇ.

ಬೆಳಿಗ್ಗೆ ಕನ್ವೆನ್ಷನ್ ಸೆಂಟರಿನ ಒಂದು ಸಣ್ಣ ಸಭಾಂಗಣದಲ್ಲಿ ಕೂತೆವು. ಮೊದಲು ಎದ್ದವರು ಎಪ್ಪತ್ತು ದಾಟಿದ ಒಬ್ಬ ಅಜ್ಜ. ಟೋಪಿ ತೆಗೆಯಲಿಲ್ಲ, ಕೈಯಲ್ಲಿ ಕಾಗದವಿಲ್ಲ. ಇಲ್ಲಿ ಹೆಚ್ಚಿನವರು ಬಾಯಿಪಾಠವೇ ಹೇಳುತ್ತಾರೆ. ಪದ್ಯ ನಾಲ್ಕು ನಾಲ್ಕು ಸಾಲಿನದು, ಸಾಲಿನ ಕೊನೆಗೆ ಪ್ರಾಸ, ಕುದುರೆ ಕುಕ್ಕುಲೋಟದಲ್ಲಿ ಹೋಗುವಾಗಿನ ಲಯ. ಗಂಡ ಹೆಂಡತಿ ಸೇರಿ ದೊಡ್ಡಿಯಲ್ಲಿ ದನ ಬೇರ್ಪಡಿಸುವ ಪ್ರಸಂಗ. ಹೆಂಡತಿ ಗೇಟಿನ ಹತ್ತಿರ, ಗಂಡ ಒಳಗೆ. ಅವನು ದೂರದಿಂದ ಕೈ ಬೀಸುತ್ತಾನೆ. ಆ ಬೀಸಿಗೆ "ಬಿಡು" ಎಂದೂ ಅರ್ಥವಿರಬಹುದು, "ತಡಿ" ಎಂದೂ ಇರಬಹುದು. "ಅದಲ್ಲ, ಅದು!" ಅನ್ನುತ್ತಾನೆ. ಮುನ್ನೂರೂ ಕಪ್ಪು ಹಸುಗಳೇ. ಅವಳು ಒಂದನ್ನು ತಡೆಯುವಷ್ಟರಲ್ಲಿ ನಾಲ್ಕು ನುಗ್ಗಿ ಹೋಗುತ್ತವೆ. ಕೊನೆಗೆ ಅವಳು ಗೇಟನ್ನು ಪೂರಾ ತೆರೆದು, ಪಿಕಪ್ ಹತ್ತಿ ಮನೆಗೆ ಹೊರಟುಬಿಡುತ್ತಾಳೆ.

ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಾನು ಕಿವಿಯಲ್ಲಿ ಪಿಸುಗುಟ್ಟುತ್ತ ಹೇಳುತ್ತಿದ್ದೆ. ಆ ಅಜ್ಜ ಕೈ ಬೀಸಿದ ಕೂಡಲೇ, ನಾನು ಬಾಯಿ ತೆರೆಯುವ ಮುಂಚೆಯೇ, ಅಪ್ಪ ಗಟ್ಟಿಯಾಗಿ ನಕ್ಕರು. ಮುಂದಿನ ಸಾಲಿನವರು ತಿರುಗಿ ನೋಡಿ ತಾವೂ ನಕ್ಕರು. ಕಣ್ಣೊರೆಸಿಕೊಳ್ಳುತ್ತ ಅಪ್ಪ, "ನಿಮ್ಮಮ್ಮ ಇರ್ಬೇಕಿತ್ತು" ಅಂದರು.

ಇಂಥ ಅವಾಂತರಗಳಿಗೆ ಇವರು ಹೇಳುವ ಮಾತು 'ರೆಕ್'. ಕುದುರೆ ಬೀಳಿಸಿದ್ದು, ಹಗ್ಗ ಕಾಲಿಗೆ ಸುತ್ತಿಕೊಂಡಿದ್ದು, ಹೋರಿ ಅಟ್ಟಿಸಿಕೊಂಡು ಬಂದಿದ್ದು, ಎಲ್ಲವೂ ರೆಕ್. ಮೂಳೆ ಮುರಿದ ಕಥೆಯನ್ನೂ ಮುಖದಲ್ಲಿ ಒಂದು ಗೆರೆ ಕದಲದಂತೆ, ಹವಾಮಾನ ಹೇಳಿದ ಹಾಗೆ ಹೇಳುತ್ತಾರೆ. ಜನ ಬಿದ್ದು ಬಿದ್ದು ನಗುತ್ತಾರೆ. ಬ್ಯಾಕ್ಸ್‌ಟರ್ ಬ್ಲ್ಯಾಕ್ ಇದರಲ್ಲಿ ದೊಡ್ಡ ಹೆಸರು. ದನದ ಡಾಕ್ಟರಾಗಿದ್ದು ಕವಿಯಾದವರು, ರೇಡಿಯೋದಲ್ಲಿ ದೇಶಕ್ಕೆಲ್ಲ ಪರಿಚಿತರು, 2022ರಲ್ಲಿ ತೀರಿಕೊಂಡರು. ಹಸುವಿನ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿದ ಮನುಷ್ಯನಿಗೆ ಸಿಗುವ ಹಾಸ್ಯ ಬೇರೆಯವರಿಗೆ ಸಿಕ್ಕೀತೆ? ಅಪ್ಪನಿಗೆ ಇದನ್ನು ಹೇಳಿದಾಗ, "ನಮ್ಮೂರ ಡಾಕ್ಟ್ರೂ ಬರೀಬಹುದಿತ್ತು" ಅಂದರು.

ಇನ್ನೊಂದು ವಿಷಯ ಅಪ್ಪನಿಗೆ ಹೇಳೋಕೆ ನಾನು ಸ್ವಲ್ಪ ಹಿಂದೆಮುಂದೆ ನೋಡಿದೆ. ನ್ಯೂ ಮೆಕ್ಸಿಕೋದ ಎಸ್. ಓಮರ್ ಬಾರ್ಕರ್ ಎಂಬ ಕವಿಯ ಹೆಸರಿನ ಮೊದಲಕ್ಷರ ಕೂಡಿಸಿದರೆ ಇಂಗ್ಲಿಷಿನ ಒಂದು ಬೈಗುಳ ಬರುತ್ತದೆ, ತಾಯಿಯನ್ನು ಎಳೆದು ತರುವಂಥದ್ದು. ಗುರುತಿಗೆಂದು ದನದ ಮೈಗೆ ಕಾಸಿ ಹಾಕುವ ಕಬ್ಬಿಣದ ಮುದ್ರೆಗಳ ಭಾಷೆಯಲ್ಲಿ ಅಡ್ಡ ಮಲಗಿಸಿದ ಅಕ್ಷರಕ್ಕೆ 'ಸೋಮಾರಿ' ಎಂಬ ವಿಶೇಷಣ. ಅವರು ಎಸ್ ಅನ್ನು ಮಲಗಿಸಿ ತಮ್ಮ ಮುದ್ರೆ ಮಾಡಿಕೊಂಡರು, ಅದನ್ನೇ ಸಹಿಯಾಗಿಯೂ ಹಾಕಿದರು. ಓದಿದರೆ 'ಸೋಮಾರಿ ಸೂ... ಮಗ' ಎಂದಾಗುತ್ತದೆ. ಅಪ್ಪ ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ನಕ್ಕರು.

ಮಧ್ಯಾಹ್ನದ ಗೋಷ್ಠಿಯಲ್ಲಿ ಹಳಬರ ಪದ್ಯಗಳು. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಟೆಕ್ಸಾಸಿನಿಂದ ಕ್ಯಾನ್ಸಸ್‌ನ ರೈಲು ನಿಲ್ದಾಣಗಳಿಗೆ ತಿಂಗಳುಗಟ್ಟಲೆ ದನ ಹೊಡೆದುಕೊಂಡು ಹೋಗುತ್ತಿದ್ದ ಕಾಲದಿಂದ ಈ ಹಾಡು, ಪದ್ಯ ಬಂದಿವೆ. ರಾತ್ರಿ ಇಬ್ಬರು ಎದುರುಬದುರು ದಿಕ್ಕಿನಲ್ಲಿ ಮಂದೆಯನ್ನು ಸುತ್ತುತ್ತ ಹಾಡುತ್ತಿದ್ದರು. ದನಿ ಕೇಳಿಸುತ್ತಿದ್ದರೆ ದನ ಬೆದರಿ ಓಡುವುದಿಲ್ಲ. ಆ ದನಗಾಹಿಗಳಲ್ಲಿ ಕರಿಯರಿದ್ದರು, ಮೆಕ್ಸಿಕೋದವರಿದ್ದರು. ನೆವಾಡಾದಲ್ಲಿ ಕೌಬಾಯ್‌ಗೆ 'ಬಕರೂ' ಅನ್ನುತ್ತಾರೆ. ಅದು ಸ್ಪ್ಯಾನಿಷ್‌ನ 'ವಕೇರೊ'. ವಾಕಾ ಎಂದರೆ ಹಸು, ವಕೇರೊ ಎಂದರೆ ದನಗಾಹಿ. 1874ರಲ್ಲಿ ಗ್ಲಿಡನ್ ಎಂಬವನು ಮುಳ್ಳುತಂತಿಗೆ ಪೇಟೆಂಟ್ ಪಡೆದ. ಬಯಲಿಗೆ ಬೇಲಿ ಬಿತ್ತು. 1886-87ರ ಚಳಿಗಾಲ ಉತ್ತರದ ಬಯಲುಗಳಲ್ಲಿ ದನಗಳನ್ನು ಮಂದೆಮಂದೆಯಾಗಿ ಕೊಂದಿತು. ಹಾಗೆ ಆ ಕಾಲ ಮುಗಿಯಿತು.

ನನಗೆ ಮನಸ್ಸಿನಲ್ಲಿ ಉಳಿದದ್ದು ಬ್ರೂಸ್ ಕಿಸ್ಕಾಡನ್. ಯೌವನದಲ್ಲಿ ಕುದುರೆಯ ಮೇಲೆ ದುಡಿದವರು, ಆಮೇಲೆ ಲಾಸ್ ಏಂಜಲೀಸ್‌ನ ಹೋಟೆಲುಗಳಲ್ಲಿ ಗಿರಾಕಿಗಳ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿದರು. ದನದ ಮಾರುಕಟ್ಟೆಯ ಕ್ಯಾಲೆಂಡರಿಗೆ, ಜಾನುವಾರು ಪತ್ರಿಕೆಗೆ ತಿಂಗಳು ತಿಂಗಳೂ ಪದ್ಯ ಬರೆದರು. 1950ರಲ್ಲಿ ತೀರಿಕೊಂಡರು. ಲಿಫ್ಟಿನ ಪಕ್ಕ ನಿಂತು ಬಯಲನ್ನು ನೆನೆಯುತ್ತಿದ್ದ ಆ ಮನುಷ್ಯನನ್ನು ಎಣಿಸಿಕೊಂಡರೆ ನನ್ನ ಗಂಟಲು ಕಟ್ಟುತ್ತದೆ.

ಹೊರಗೆ ಕಾಫಿ ಕುಡಿಯುವಾಗ ಬೆಳಗಿನ ಅಜ್ಜ ಸಿಕ್ಕರು. ನಕ್ಕವರು ಯಾರೆಂದು ನೋಡೋಕೇ ಬಂದಿದ್ದರು. ನಮ್ಮ ಮನೆಯಲ್ಲೂ ದನ ಇವೆ ಅಂದೆ. ಅಪ್ಪ ತಕ್ಷಣ, "ಇವ್ರದ್ದು ಎಷ್ಟು ದನ ಕೇಳು" ಅಂದರು. ಕೇಳಿದೆ. ಅಜ್ಜ ಟೋಪಿ ಸರಿಮಾಡಿಕೊಂಡು, "ಎಲ್ಲವೂ ಒಂದೇ ಕಡೆ ಸಿಕ್ಕ ದಿನ ಎಣಿಸಬೇಕು" ಅಂದರು. ಪಕ್ಕದಲ್ಲಿದ್ದ ಹೆಂಗಸು ಆಮೇಲೆ ನನಗೆ ಮೆಲ್ಲಗೆ ಹೇಳಿದರು: ರ‍್ಯಾಂಚಿನವರನ್ನು ದನ ಎಷ್ಟೆಂದು ಕೇಳುವುದೂ ಬ್ಯಾಂಕಿನಲ್ಲಿ ದುಡ್ಡು ಎಷ್ಟಿದೆ ಎಂದು ಕೇಳುವುದೂ ಒಂದೇ. ನಾಚಿಕೆಯಾಯಿತು. ಅಪ್ಪನಿಗೆ ಹೇಳಿದರೆ, "ಸರಿಯಾಗೇ ಇದೆ, ಎಣಿಸಿದ್ರೆ ದೃಷ್ಟಿ ಆಗುತ್ತೆ" ಅಂದರು.

ಆ ಕರುಗಳೆಲ್ಲ ಕೊನೆಗೆ ಎಲ್ಲಿ ಹೋಗುತ್ತವೆ ಎಂಬುದು ನನ್ನ ಮನಸ್ಸಿನಲ್ಲಿ ಇಡೀ ದಿನ ಇತ್ತು. ಮಾಂಸಕ್ಕೆ ಸಾಕುವವರು ಇವರು, ಅದನ್ನು ಮುಚ್ಚಿಡುವುದೂ ಇಲ್ಲ. ಸಂಜೆ ಅಪ್ಪನನ್ನೇ ಕೇಳಿದೆ, ಬೇಜಾರಾಗಲಿಲ್ಲವಾ ಅಂತ. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮ ಕೊಟ್ಟಿಗೇಲಿ ಎಚ್‌ಎಫ್ ಸೀಮೆಹಸು ಹಾಕಿದ ಗಂಡುಕರು ಎಲ್ಲಿ ಹೋದ್ವು ಅಂತ ನೀನು ಯಾವತ್ತಾದ್ರೂ ಕೇಳಿದ್ಯಾ?" ಅಂದರು. ನಾನು ಕೇಳಿರಲಿಲ್ಲ.

ರಾತ್ರಿಯ ಗೋಷ್ಠಿಯಲ್ಲಿ ಅದೇ ಅಜ್ಜ ಮತ್ತೆ ಬಂದರು. ಈ ಸಲ ಮುದಿ ಕುದುರೆಯೊಂದರ ಪದ್ಯ. ಅದೇ ಲಯ, ಅದೇ ಪ್ರಾಸ, ಅದೇ ಕದಲದ ಮುಖ. ಕೆಮ್ಮುವವರೂ ಇರಲಿಲ್ಲ. ಅಪ್ಪ ನನ್ನ ಅನುವಾದ ಬೇಡವೆಂದು ಕೈ ಸನ್ನೆ ಮಾಡಿದರು.

ಮುಗಿದ ಮೇಲೆ ಅಪ್ಪ ತಾವಾಗಿಯೇ ಅವರ ಬಳಿ ಹೋಗಿ, ನನ್ನನ್ನು ಕರೆದು, ಒಂದು ಕಥೆ ಹೇಳಿದರು. ಅವರ ಹುಡುಗಪ್ರಾಯದಲ್ಲಿ ಮನೆಯಲ್ಲಿ ಒಂದು ಅಮೃತಮಹಲ್ ಹಸು. ಬಾಗಿದ ಉದ್ದ ಕೊಂಬು, ಹಾಲು ಕೊಟ್ಟರೆ ಒಂದು ಪಾವು, ಸಿಟ್ಟು ಮಾತ್ರ ಕೊಳಗ. ಗಬ್ಬ ಕಟ್ಟಿಸುವ ಸೂಜಿ ಹಾಕೋಕೆ ಬಂದ ಡಾಕ್ಟರನ್ನು ಹುಣಸೆಮರ ಹತ್ತಿಸಿತು. ಬ್ಯಾಗು ಕೆಳಗೆ, ಡಾಕ್ಟ್ರು ಮೇಲೆ. ಹಸು ಬ್ಯಾಗು ಮೂಸಿ, ಅದರ ಪಕ್ಕದಲ್ಲೇ ಮಲಗಿ ಮೆಲುಕು ಹಾಕತೊಡಗಿತು. ಸಂಜೆ ಅಜ್ಜಿ ಬೂಸದ ಬಕೆಟ್ ತೋರಿಸಿ ಕರೆದಾಗಲೇ ಎದ್ದಿದ್ದು.

ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕೇಳಿದರು, ಆ ಹಸು ಗಬ್ಬ ನಿಂತಿತಾ?

"ಇಲ್ಲ. ಆದ್ರೂ ಹನ್ನೊಂದು ವರ್ಷ ಇಟ್ಕೊಂಡಿದ್ವಿ," ಅಂದರು ಅಪ್ಪ.

ಅಜ್ಜ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು. ನಾನೂ ಏನೂ ಅನುವಾದ ಮಾಡಲಿಲ್ಲ.