ಗುಂಡ್ಲುಪೇಟೆಯ ನಾಗರತ್ನಮ್ಮ

ಗುಂಡ್ಲುಪೇಟೆ ಅಂದ್ರೆ ನಮ್ಮಲ್ಲಿ ಜಾಸ್ತಿ ಜನಕ್ಕೆ ಸೂರ್ಯಕಾಂತಿ ಹೊಲ, ಊಟಿಗೆ ಹೋಗುವಾಗ ಒಂದು ಕಾಫಿ, ಅಷ್ಟೇ ಅಲ್ವಾ? ನನಗೆ ಮಾತ್ರ ಕೆ.ಎಸ್. ನಾಗರತ್ನಮ್ಮ ನೆನಪಾಗುತ್ತಾರೆ. ಹೆಣ್ಣುಮಕ್ಕಳು ಚುನಾವಣೆಗೆ ನಿಲ್ಲೋದೇ ಅಪರೂಪವಾಗಿದ್ದ 1957ರಲ್ಲಿ ಅಲ್ಲಿಂದ ಗೆದ್ದರು. ಒಂದು ಸಲ ಅಲ್ಲ, ಒಟ್ಟು ಏಳು ಸಲ!

1972ರಲ್ಲಿ ನಮ್ಮ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು. ಆಗ ದೇವರಾಜ ಅರಸು ಮುಖ್ಯಮಂತ್ರಿ. ಒಂದು ಕಡೆ ಭೂಸುಧಾರಣೆಯ ಕಾವು, ಆಮೇಲೆ ತುರ್ತು ಪರಿಸ್ಥಿತಿ, ಇದರ ಮಧ್ಯೆ 1978ರವರೆಗೆ ಗಂಡಸರೇ ತುಂಬಿದ್ದ ಸದನವನ್ನು ನಡೆಸಿದ್ದು ಸುಮ್ನೆ ಮಾತಲ್ಲ. ಮುಂದೆ ಎಷ್ಟೋ ಸ್ಪೀಕರ್‌ಗಳು ಬಂದರು, ಹೋದರು. ಆ ಕುರ್ಚಿಯಲ್ಲಿ ಇನ್ನೊಬ್ಬ ಹೆಣ್ಣುಮಗಳು ಮಾತ್ರ ಇನ್ನೂ ಕೂತಿಲ್ಲ.