502 ಬಂದಾಗ ಖಾಲಿ ಪಟ್ಟಿ ತೋರಿಸಬೇಡಿ

ಪುಣೆ ಬಳಿಯ ಚಾಕಣದ ಗೋದಾಮಿನಿಂದ ಹಿಂಜವಡಿಯ ನಮ್ಮ ಟೀಮಿಗೆ ಫೋನ್ ಬಂದದ್ದು ಶಿಫ್ಟ್ ಬದಲಾಗುವ ಹೊತ್ತಿಗೆ. ‘ಇಂದು ಯಾವ ಡಿಸ್‌ಪ್ಯಾಚ್ ಇಲ್ಲ’ ಅಂತ ಸ್ಕ್ರೀನ್ ಹೇಳ್ತಿದೆ, ನಿಂತಿರೋ ಲಾರಿಗಳನ್ನ ವಾಪಸ್ ಕಳಿಸಬೇಕಾ ಎಂದು ಸೂಪರ್‌ವೈಸರ್ ಕೇಳಿದರು. ಡೇಟಾಬೇಸಿನಲ್ಲಿ ಆರ್ಡರ್‌ಗಳೆಲ್ಲ ಇದ್ದವು. ಸರ್ವರ್ ನೋಡಿಕೊಳ್ಳುವ ಬ್ಯಾಕೆಂಡಿನವರು, ಎಪಿಐ ಪರೀಕ್ಷಿಸುವ ಪೋಸ್ಟ್‌ಮ್ಯಾನ್‌ನಲ್ಲಿ ಹೊಡೆದು ‘ನಮ್ಮ ಕಡೆ ಸರಿ ಇದೆ’ ಅಂದರು. ಎರರ್ ಟ್ರ್ಯಾಕರ್‌ನಲ್ಲಿ ಒಂದು ಸಾಲೂ ಇಲ್ಲ. ಕಾಲ್‌ನಲ್ಲಿ ಮರಾಠಿ, ಹಿಂದಿ, ನಮ್ಮ ಹುಬ್ಬಳ್ಳಿ-ವಿಜಯಪುರದವರ ನಡುವೆ ಕನ್ನಡ. ಎಲ್ಲದರಲ್ಲೂ ಒಂದೇ ಪ್ರಶ್ನೆ, ಪಟ್ಟಿ ಎಲ್ಲಿ ಹೋಯಿತು?

ಗೋದಾಮಿನ ಕಂಪ್ಯೂಟರ್‌ನಲ್ಲೇ ಬ್ರೌಸರಿನ ನೆಟ್‌ವರ್ಕ್ ಟ್ಯಾಬ್ ತೆರೆಸಿ ಸ್ಕ್ರೀನ್ ಶೇರ್ ಮಾಡಿಸಿದಾಗ ಕೆಂಪು ಸಾಲು ಕಂಡಿತು: 502, ಅಂದರೆ ನಡುವಿನ ಗೇಟ್‌ವೇಗೆ ಹಿಂದಿನ ಸರ್ವಿಸಿನಿಂದ ಸರಿಯಾದ ಉತ್ತರ ಸಿಕ್ಕಿಲ್ಲ. ಒಳಗೆ ಆ ಗೇಟ್‌ವೇಯಾದ ಎನ್‌ಜಿನ್ಎಕ್ಸ್‌ನ ಎಚ್‌ಟಿಎಂಎಲ್ ಪುಟ. ಪೋಸ್ಟ್‌ಮ್ಯಾನ್ ಗೇಟ್‌ವೇ ಮುಟ್ಟದೆ ನೇರ ಸರ್ವಿಸಿಗೆ ಹೋಗುತ್ತಿತ್ತು, ಹಾಗಾಗಿ ಅಲ್ಲಿ ಎಲ್ಲ ಹಸಿರು.

ಆದದ್ದಿಷ್ಟೇ. ಬ್ರೌಸರಿನಿಂದ ಸರ್ವರಿಗೆ ರಿಕ್ವೆಸ್ಟ್ ಕಳಿಸುವ ಫೆಚ್‌ಗೆ 502 ಒಂದು ಎರರ್ ಅಲ್ಲ. ಉತ್ತರ ಬಂತು ಎಂದರೆ ಪ್ರಾಮಿಸ್ ರಿಸಾಲ್ವ್ ಆಗುತ್ತದೆ, ಅಂದರೆ ಯಶಸ್ವಿ ಎಂದೇ ಲೆಕ್ಕ. ಸ್ಟೇಟಸ್ ಸಂಖ್ಯೆ 200ರಿಂದ 299ರ ಒಳಗಿದೆಯೇ ಎಂದು ‘ಓಕೆ’ ಗುಣವನ್ನು ನಾವೇ ನೋಡಬೇಕು. ಆ ಕೋಡು ನೋಡಿರಲಿಲ್ಲ. ನೇರ ಜೇಸನ್ (ಡೇಟಾ ಕಳಿಸುವ ಪಠ್ಯರೂಪ) ಎಂದು ಪಾರ್ಸ್ ಮಾಡಹೋಗಿ ಎಚ್‌ಟಿಎಂಎಲ್‌ನ ಮೊದಲ ಅಕ್ಷರಕ್ಕೇ ಸಿಂಟ್ಯಾಕ್ಸ್‌ಎರರ್ ಬಿತ್ತು, ಎರರ್ ಹಿಡಿಯುವ ಕ್ಯಾಚ್ ಅದನ್ನು ನುಂಗಿ ಖಾಲಿ ಅರೇ (ಪಟ್ಟಿ) ಕೊಟ್ಟಿತು. ಸ್ಕ್ರೀನಿಗೆ ಖಾಲಿ ಅರೇ ಎಂದರೆ ‘ಇಲ್ಲ’. ‘ಗೊತ್ತಿಲ್ಲ’ ಎನ್ನಬೇಕಾದ ಕಡೆ ‘ಇಲ್ಲ’ ಎಂದು ಹೇಳುವ ಸ್ಕ್ರೀನಿಗಿಂತ ಕ್ರ್ಯಾಶ್ ಆಗುವ ಸ್ಕ್ರೀನ್ ಎಷ್ಟೋ ವಾಸಿ.

ಉತ್ತರದ ಅರ್ಥವನ್ನು ಒಂದೇ ಒಂದು ಜಾಗದಲ್ಲಿ ತೀರ್ಮಾನಿಸಿ. ಕಾಂಪೊನೆಂಟಿನಿಂದ (ಸ್ಕ್ರೀನಿನ ಕೋಡಿನಿಂದ) ಫೆಚ್ ನೇರ ಕರೆಯುವಂತಿಲ್ಲ, ನಡುವೆ ಅದನ್ನು ಸುತ್ತುವ ಒಂದು ರ‍್ಯಾಪರ್ ಇರಲಿ. ಅದು ಮೊದಲು ಸ್ಟೇಟಸ್ ನೋಡಲಿ, ಆಮೇಲೆ ಉತ್ತರ ಯಾವ ರೂಪದ್ದು ಎಂದು ಹೇಳುವ ಕಂಟೆಂಟ್-ಟೈಪ್. 204 (ಕಳಿಸಲು ಏನಿಲ್ಲ) ಎಂಬ ಉತ್ತರಕ್ಕೆ ಬಾಡಿಯೇ ಇರುವುದಿಲ್ಲ, ಪಾರ್ಸ್ ಮಾಡಿದರೆ ಸಿಡಿಯುತ್ತದೆ. ಬಾಡಿಯನ್ನು ಒಮ್ಮೆ ಮಾತ್ರ ಓದಬಹುದು. ಆದ್ದರಿಂದ ಟೆಕ್ಸ್ಟ್ ಆಗಿ ಓದಿಕೊಂಡು ಪಾರ್ಸ್ ಮಾಡಿ, ಪಾರ್ಸ್ ಬಿದ್ದರೆ ಆ ಟೆಕ್ಸ್ಟಿನ ತಲೆಭಾಗ ಲಾಗಿಗೆ ಹೋಗಲಿ. ಕೊನೆಗೆ ಜೋಡ್‌ನಂಥ ಲೈಬ್ರರಿಯಿಂದ ಡೇಟಾದ ಆಕಾರ ಪರೀಕ್ಷೆ. ಟೈಪ್‌ಸ್ಕ್ರಿಪ್ಟ್‌ನಲ್ಲಿ ‘ಆ್ಯಸ್ ಆರ್ಡರ್’ ಎಂದು ಬರೆದರೆ ರನ್‌ಟೈಮಿನಲ್ಲಿ ಯಾರೂ ಏನೂ ಪರೀಕ್ಷಿಸುವುದಿಲ್ಲ.

ರ‍್ಯಾಪರ್ ಥ್ರೋ ಮಾಡುವುದಕ್ಕಿಂತ ಡಿಸ್ಕ್ರಿಮಿನೇಟೆಡ್ ಯೂನಿಯನ್ ಹಿಂದಿರುಗಿಸುವುದು ನನಗೆ ಹೆಚ್ಚು ಸರಿ ಅನ್ನಿಸುತ್ತದೆ: ಒಂದೋ ಡೇಟಾ, ಇಲ್ಲವೇ ನೆಟ್‌ವರ್ಕ್, ಟೈಮ್‌ಔಟ್, ಎಚ್‌ಟಿಟಿಪಿ, ಪಾರ್ಸ್ ಎಂಬ ಬಗೆ ಹೊತ್ತ ಎರರ್. ಬಗೆ ನೋಡದೆ ಡೇಟಾ ಮುಟ್ಟಲು ಕಂಪೈಲರೇ ಬಿಡುವುದಿಲ್ಲ. ಬಳಕೆದಾರ ಪುಟ ಬಿಟ್ಟುಹೋದಾಗ ಬರುವ ಅಬಾರ್ಟ್‌ಎರರ್‌ಗೆ ಟೋಸ್ಟ್ (ಪುಟ್ಟ ಎಚ್ಚರಿಕೆ ಸಂದೇಶ) ತೋರಿಸಬೇಡಿ.

ರಿಟ್ರೈ ಕೂಡ ರ‍್ಯಾಪರಿನಲ್ಲೇ. 502, 503, 504 ಎಂಬ ಸರ್ವರ್ ಕಡೆಯ ತೊಂದರೆಗಳಿಗೆ, ಡೇಟಾ ಓದುವ ಗೆಟ್ ರಿಕ್ವೆಸ್ಟ್ ಮತ್ತೆ ಕಳಿಸಬಹುದು. 429 (ಅತಿಯಾದ ರಿಕ್ವೆಸ್ಟ್) ಬಂದರೆ ರಿಟ್ರೈ-ಆಫ್ಟರ್ ಹೆಡರ್ ಪಾಲಿಸಿ. ಅದರಲ್ಲಿ ಸೆಕೆಂಡೂ ಇರಬಹುದು, ತಾರೀಖೂ ಇರಬಹುದು. ಹೊಸ ಆರ್ಡರ್ ಕಳಿಸುವ ಪೋಸ್ಟ್ ರಿಕ್ವೆಸ್ಟ್ ಟೈಮ್‌ಔಟ್ ಆಯಿತೆಂದರೆ ಕೆಲಸ ಆಗಿಲ್ಲ ಎಂದಲ್ಲ, ಸರ್ವರ್ ಒಪ್ಪುವ ಐಡೆಂಪೊಟೆನ್ಸಿ ಕೀ (ಇದು ಅದೇ ರಿಕ್ವೆಸ್ಟ್ ಎಂದು ಗುರುತಿಸುವ ಸಂಕೇತ) ಇಲ್ಲದೆ ಮತ್ತೆ ಕಳಿಸಿದರೆ ಒಂದೇ ಆರ್ಡರ್ ಎರಡು ಸಲ ಲಾರಿ ಹತ್ತಬಹುದು. ಒಟ್ಟಿಗೆ ಹಲವು ರಿಕ್ವೆಸ್ಟಿಗೆ 401 (ಲಾಗಿನ್ ಸಲ್ಲದು) ಬಂದಾಗ ಎಲ್ಲವೂ ಒಂದೇ ಟೋಕನ್ ರಿಫ್ರೆಶ್ ಪ್ರಾಮಿಸಿಗೆ ಕಾಯಲಿ. 403 (ಅನುಮತಿ ಇಲ್ಲ) ಬಂದರೆ ಬಳಕೆದಾರರನ್ನು ಲಾಗಿನ್ ಪುಟಕ್ಕೆ ತಳ್ಳಬೇಡಿ, ಅಲ್ಲೇ ಸುತ್ತು ಹೊಡೆಯುತ್ತಾರೆ.

ಬೇರೆ ಒರಿಜಿನ್ನಿನ (ಬೇರೆ ವೆಬ್ ವಿಳಾಸದ) ಎಪಿಐ ಆದರೆ ಇನ್ನೊಂದು ಬಲೆ ಇದೆ. ಎನ್‌ಜಿನ್ಎಕ್ಸ್‌ನ ‘ಆ್ಯಡ್_ಹೆಡರ್’ ಸಾಲಿನ ಕೊನೆಗೆ ‘ಆಲ್ವೇಸ್’ ಇಲ್ಲದಿದ್ದರೆ 502ಕ್ಕೆ, ಬೇರೆ ಒರಿಜಿನ್ನಿನ ಪುಟ ಉತ್ತರ ಓದಲು ಅನುಮತಿಸುವ ಕಾರ್ಸ್ ಹೆಡರ್ ಹೋಗುವುದಿಲ್ಲ. ಬ್ರೌಸರ್ ಆಗ ಸ್ಟೇಟಸನ್ನೇ ಮುಚ್ಚಿಟ್ಟು ಬರೀ ಟೈಪ್‌ಎರರ್ ಕೊಡುತ್ತದೆ, ನೀವು ಗೋದಾಮಿನ ವೈಫೈ ಪರೀಕ್ಷಿಸುತ್ತಾ ಕೂರುತ್ತೀರಿ.

ಬ್ಯಾಕೆಂಡಿಗೂ ಒಂದು ಮಾತು. 200 ಕೊಟ್ಟು ಒಳಗೆ ‘ಸಕ್ಸೆಸ್: ಫಾಲ್ಸ್’ ಇಡುವುದು, ಒಂದು ಸರ್ವಿಸಿನಲ್ಲಿ ‘ಮೆಸೇಜ್’ ಇನ್ನೊಂದರಲ್ಲಿ ‘ಎರರ್ಸ್’ ಎಂದು ಕಳಿಸುವುದು ನಿಲ್ಲಲಿ. ಎರರ್ ಉತ್ತರದ ರೂಪ ಹೇಳುವ 2023ರ ಇಂಟರ್‌ನೆಟ್ ಮಾನದಂಡ ಆರ್‌ಎಫ್‌ಸಿ 9457 ಟೈಪ್, ಟೈಟಲ್, ಸ್ಟೇಟಸ್, ಡೀಟೇಲ್, ಇನ್‌ಸ್ಟನ್ಸ್ ಎಂಬ ಐದು ಹೆಸರು ಕೊಟ್ಟಿದೆ, ಅವನ್ನೇ ಬಳಸಿ. ಸ್ಪ್ರಿಂಟ್ ಪ್ಲಾನಿಂಗಿನಲ್ಲಿ ಮ್ಯಾನೇಜರ್‌ಗಳು ಎರರ್ ನಿಭಾಯಿಸುವ ಇಂಥ ಕೆಲಸಕ್ಕೆ ಪಾಯಿಂಟ್ (ಶ್ರಮದ ಲೆಕ್ಕ) ಕೊಡಲು ಹಿಂದೆಮುಂದೆ ನೋಡುತ್ತಾರೆ. ಪ್ರತಿ ಸ್ಕ್ರೀನಿನ ಅಂದಾಜಿನಲ್ಲೇ ಇದನ್ನೂ ಸೇರಿಸಿ.

ರ‍್ಯಾಪರ್ ಬಂದಮೇಲೆ ಕೋಡಿನ ನಿಯಮ ಕಾಯುವ ಇಎಸ್‌ಲಿಂಟ್‌ನ ನೋ-ರಿಸ್ಟ್ರಿಕ್ಟೆಡ್-ಗ್ಲೋಬಲ್ಸ್ ಎಂಬ ನಿಷೇಧಪಟ್ಟಿಗೆ ಫೆಚ್ ಸೇರಿಸಿ, ರ‍್ಯಾಪರ್ ಫೈಲಿಗೆ ಮಾತ್ರ ವಿನಾಯಿತಿ ಕೊಡಿ. ಪ್ರತಿ ಪಟ್ಟಿಯ ಸ್ಕ್ರೀನಿಗೂ ಎಚ್‌ಟಿಎಂಎಲ್ ಬಾಡಿಯಿರುವ 502 ಕೊಡುವ ಒಂದು ಟೆಸ್ಟ್ ಬರೆಯಿರಿ. ‘ಯಾವ ಡಿಸ್‌ಪ್ಯಾಚ್ ಇಲ್ಲ’ ಎಂಬ ಸಾಲು ಕಂಡರೆ ಬಿಲ್ಡ್ ಬೀಳಲಿ.